ಸವೆತದ ಸಾಕ್ಷ್ಯ

ಹಳೆಯ ವಸ್ತುವೊಂದನ್ನು ಸರಿಪಡಿಸಹೊರಟವನು ಯಾರ ಋಣವನ್ನು ತೀರಿಸತಕ್ಕವನು? ಅದನ್ನು ನಿರ್ಮಿಸಿದವನ ಋಣವನ್ನೆ, ಅದನ್ನು ಬಳಸಿ ಸವೆಯಿಸಿದವರ ಋಣವನ್ನೆ, ಅಥವಾ ಇನ್ನು ಮುಂದೆ ಅದನ್ನು ಬಳಸತಕ್ಕವರ ಋಣವನ್ನೆ? ದೇವಾಲಯ, ಚಿತ್ರಪಟ, ಓಲೆಗರಿ ಮೊದಲಾದವುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಪ್ರಾಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ನಾಣ್ಯ ಹಾಕಿ ಆಡುವ ಆಟದ ಪೆಟ್ಟಿಗೆಯ ವಿಷಯದಲ್ಲಿ ಇದನ್ನೇ ಕೇಳಿದರೆ ಕೆಲವರಿಗೆ ನಗೆ ಬಂದೀತು. ಆದರೆ ಅಲ್ಪವಸ್ತುವಿನಿಂದ ಒಂದು ಪ್ರಯೋಜನವುಂಟು. ದೊಡ್ಡ ವಸ್ತುಗಳನ್ನು ನೋಡುವಾಗ ಭಕ್ತಿಯೂ ಅಭಿಮಾನವೂ ಕಣ್ಣಿಗೆ ಅಡ್ಡ ಬರುತ್ತವೆ; ಅಲ್ಪವಸ್ತುವಿನಲ್ಲಿ ಪ್ರಶ್ನೆಯೊಂದೇ ಬರಿದಾಗಿ ನಿಲ್ಲುತ್ತದೆ.

ಆರ್ಕೇಡ್ ಯಂತ್ರಗಳೆಂದು ಹೆಸರಾದ ಈ ಪೆಟ್ಟಿಗೆಗಳು ಅಮೆರಿಕ ಮತ್ತು ಜಪಾನ್ ದೇಶಗಳಲ್ಲಿ 1970ರ ದಶಕದಿಂದ ಮುಂದಕ್ಕೆ ಹಬ್ಬಿದುವು. 1972ರಲ್ಲಿ ಅಟಾರಿ ಸಂಸ್ಥೆಯವರು ಹೊರತಂದ 'ಪಾಂಗ್' ಯಂತ್ರದಲ್ಲಿ ಆಟಗಾರರಿಬ್ಬರಿಗೆ ತಿರುಗಿಸುವ ಎರಡು ಗುಬುಟುಗಳು ಮಾತ್ರ ಇದ್ದುವು. 1980ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯವರ 'ಪ್ಯಾಕ್-ಮ್ಯಾನ್' ಬಂದಿತು. ಅಮೆರಿಕದಲ್ಲಿ ಅದನ್ನು ಮಿಡ್‌ವೇ ಸಂಸ್ಥೆಯವರು ಪ್ರಚಾರಕ್ಕೆ ತಂದರು. ಆಳೆತ್ತರದ ಹಳದಿಯ ಪೆಟ್ಟಿಗೆ; ಮುಖದ ಮಟ್ಟದಲ್ಲಿ ತೆರೆ; ಅದರ ಕೆಳಗೆ ಮುಂಚಾಚಿದ ಹಲಗೆ. ಇದನ್ನೇ ಕಂಟ್ರೋಲ್ ಪ್ಯಾನೆಲ್ ಎನ್ನುವರು. ಅದರ ನಡುವೆ ಕೆಂಪು ಗುಂಡಿನ ತಲೆಯುಳ್ಳ ಒಂದು ಜಾಯ್‌ಸ್ಟಿಕ್. ಆಟವನ್ನು ಆರಂಭಿಸುವ ಗುಂಡಿಗಳನ್ನು ಬಿಟ್ಟರೆ ಕೈಗೆ ಬೇರೆ ಕೆಲಸವೇ ಇಲ್ಲ. ಇದಕ್ಕೆ ಎದುರಾಗಿ, ವಿಲಿಯಮ್ಸ್ ಸಂಸ್ಥೆಯವರ 'ಡಿಫೆಂಡರ್' ಯಂತ್ರದ ಹಲಗೆಯಲ್ಲಿ ಮೇಲಕ್ಕೂ ಕೆಳಕ್ಕೂ ಚಲಿಸುವ ಒಂದು ಸನ್ನೆಯ ಜೊತೆಗೆ, ಮುನ್ನುಗ್ಗುವುದಕ್ಕೆ, ಹಿಂತಿರುಗುವುದಕ್ಕೆ, ಗುಂಡು ಹಾರಿಸುವುದಕ್ಕೆ, ಬಾಂಬು ಸಿಡಿಸುವುದಕ್ಕೆ, ಇದ್ದೆಡೆಯಿಂದ ಮಾಯವಾಗಿ ಬೇರೆಡೆ ತೋರುವುದಕ್ಕೆ ಎಂದು ಐದು ಗುಂಡಿಗಳಿದ್ದುವು. ಆಟವು ಬೇರೆಯಾದಂತೆ ಹಲಗೆಯೂ ಬೇರೆಯಾಗುತ್ತಿದ್ದಿತು. ಆದುದರಿಂದ ಹಲಗೆಯು ಆಟಕ್ಕೆ ಹೊರಗಣ ಅಲಂಕಾರವಲ್ಲ; ಅದು ಆಟದ ಒಂದು ಅಂಗವೇ ಸರಿ.

ಈಗ ಆ ಪ್ಯಾಕ್-ಮ್ಯಾನ್ ಪೆಟ್ಟಿಗೆಗಳಲ್ಲಿ ಉಳಿದುಬಂದಿರುವವುಗಳನ್ನು ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಹಲಗೆಯ ಎಡಪಕ್ಕದಲ್ಲಿ, ಪೆಟ್ಟಿಗೆಯ ಬದಿಯ ಬಣ್ಣವು ಹಲವು ಯಂತ್ರಗಳಲ್ಲಿ ಸವೆದುಹೋಗಿದೆ. ಬಲಪಕ್ಕದಲ್ಲಿ ಅಷ್ಟು ಸವೆದಿಲ್ಲ. ಕಾರಣವು ಸರಳವಾದುದು. ನಿಂತು ಆಡುವವನ ಬಲಗೈ ಜಾಯ್‌ಸ್ಟಿಕ್ಕನ್ನು ಹಿಡಿದಿರುತ್ತಿದ್ದಿತು. ಕೆಲಸವಿಲ್ಲದ ಎಡಗೈ ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದು, ಮೈಯ ಭಾರವನ್ನು ತಾಳುತ್ತಿದ್ದಿತು. ಎಡಗೈಯನ್ನು ಎಲ್ಲಿಡಬೇಕೆಂದು ಯಾವ ತಯಾರಕನೂ ವಿಧಿಸಿರಲಿಲ್ಲ. ಅಪಾಯವು ಹತ್ತಿರವಾದಾಗ ಕೈ ಬಿಗಿಯುತ್ತಿದ್ದಿತು, ಪಾರಾದಾಗ ಸಡಿಲುತ್ತಿದ್ದಿತು. ಒಬ್ಬರನ್ನೊಬ್ಬರು ಅರಿಯದ ಸಹಸ್ರ ಜನರು, ತಾವು ಬರೆಯುತ್ತಿರುವೆವೆಂಬ ಎಚ್ಚರವೇ ಇಲ್ಲದೆ, ಒಂದೇ ಎಡೆಯಲ್ಲಿ ಒಂದೇ ಸಂಗತಿಯನ್ನು ಬರೆದುಹೋದರು. ಹೊಸ್ತಿಲಿನ ನಡುವಣ ತಗ್ಗು, ಒರಳಿನ ಅಂಚಿನ ನುಣುಪು ಹೇಗೋ ಇದೂ ಹಾಗೆ.

ಹೀಗಿರಲು, ಇಂಥ ಪೆಟ್ಟಿಗೆಯೊಂದು ಜೀರ್ಣೋದ್ಧಾರಕ್ಕೆ ಬಂದಾಗ ಏನು ಮಾಡತಕ್ಕದ್ದು? ಸಾಮಾನ್ಯವಾದ ಉತ್ತರವೆಂದರೆ, ಹಳೆಯ ಬಣ್ಣವನ್ನು ಕೆರೆದು, ಅಚ್ಚಿನ ಹಾಳೆಗಳನ್ನಿಟ್ಟು ಮತ್ತೆ ಬಣ್ಣ ಹೊಡೆದು, ಹಲಗೆಗೆ ಹೊಸ ಹೊದಿಕೆಯನ್ನು ಅಂಟಿಸಿ, ಕಾರ್ಖಾನೆಯಿಂದ ಅಂದೇ ಹೊರಬಂದಂತೆ ಮಾಡುವುದು. ಈ ಉತ್ತರದಲ್ಲಿ ನ್ಯಾಯವಿಲ್ಲದೆ ಇಲ್ಲ. ಬಣ್ಣವನ್ನು ಯೋಜಿಸಿದ ಚಿತ್ರಕಾರನಿಗೂ ಒಂದು ಹಕ್ಕುಂಟು. ಅವನ ಕೃತಿಯು ಮಾಸಿ ಮುರುಕಾಗಿ ಕಾಣುವುದು ಅವನಿಗೆ ಗೌರವವಲ್ಲ. ಒಡೆಯನೂ, 'ನನ್ನ ಹಣ, ನನ್ನ ಪೆಟ್ಟಿಗೆ' ಎನ್ನಬಹುದು. ಆದರೆ ಕಾನೂನು ಕೊಡುವ ಅಧಿಕಾರವೆಲ್ಲವೂ ಧರ್ಮವು ಒಪ್ಪುವ ಅಧಿಕಾರವಲ್ಲ. ಹಿರಿಯರ ಪತ್ರಗಳು ಆಸ್ತಿಯ ಜೊತೆಗೆ ಕೈಸೇರಿದವನಿಗೆ ಅವನ್ನು ಒಲೆಗೆ ಹಾಕುವ ಅಧಿಕಾರವು ಕಾನೂನಿನಂತೆ ಉಂಟು. ಹಾಗೆ ಹಾಕಿದವನನ್ನು ಯಾರೂ ಸತ್ಪುತ್ರನೆನ್ನುವುದಿಲ್ಲ.

ಈ ವಾದವು ಯುರೋಪಿನಲ್ಲಿ ಕಟ್ಟಡಗಳ ವಿಷಯದಲ್ಲಿ ಎಂದೋ ನಡೆದುಹೋಗಿದೆ. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಯು, ಕಟ್ಟಡವನ್ನು ಉದ್ಧರಿಸುವುದೆಂದರೆ ಅದಕ್ಕೆ ಎಂದೂ ಇದ್ದಿರಲಾರದಂಥ ಪೂರ್ಣತೆಯನ್ನಾದರೂ ತಂದುಕೊಡುವುದೆಂದು ತಿಳಿದಿದ್ದನು. ಇಂಗ್ಲೆಂಡಿನ ಜಾನ್ ರಸ್ಕಿನ್ನನು 1849ರಲ್ಲಿಯೇ ಇಂಥ ಉದ್ಧಾರವನ್ನು ನಾಶವೆಂದು ಖಂಡಿಸಿದನು. 1877ರಲ್ಲಿ ವಿಲಿಯಂ ಮಾರಿಸ್ಸನು ಹಳೆಯ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಕಟ್ಟಿದನು. 1964ರ ವೆನಿಸ್ ಸನ್ನದು, ಸ್ಮಾರಕಕ್ಕೆ ಎಲ್ಲ ಕಾಲಗಳವರೂ ಸಲ್ಲಿಸಿದ ಯೋಗ್ಯವಾದ ಕಾಣಿಕೆಗಳನ್ನು ಗೌರವಿಸಬೇಕೆಂದೂ, ಹೊಸದಾಗಿ ಸೇರಿಸಿದ ಭಾಗವು ಹಳೆಯದರಿಂದ ಬೇರೆಯೆಂದು ತಿಳಿಯುವಂತಿರಬೇಕೆಂದೂ ವಿಧಿಸಿತು. ಎಡಗೈಯ ಗುರುತು ಅಂಥ ಕಾಣಿಕೆಗಳಲ್ಲಿ ಒಂದಾಗಲಾರದೆ?

ಇಲ್ಲಿ ಬಲವಾದ ಒಂದು ಆಕ್ಷೇಪವೇಳುತ್ತದೆ. ಸವೆತವೆಲ್ಲವೂ ಪೂಜ್ಯವಾದರೆ ಉರಿಯುವ ಸಿಗರೇಟನ್ನು ಹಲಗೆಯ ಮೇಲಿಟ್ಟು ಮರೆತವನ ಕಲೆಯೂ ಪೂಜ್ಯವೆ? ಕೆಟ್ಟು ನಿಂತ ಸ್ವಿಚ್ಚನ್ನೂ ಹಾಗೆಯೇ ಬಿಡಬೇಕೆ? ಆಡಲಾಗದ ಆಟದ ಯಂತ್ರವು ಶವಕ್ಕೆ ಸಮಾನವಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಳೆಯ ಜಾಯ್‌ಸ್ಟಿಕ್ಕಿನ ಒಳಗೆ ತೆಳುವಾದ ಲೋಹದ ಪಟ್ಟಿಗಳು ಜೋಡಿಜೋಡಿಯಾಗಿರುತ್ತವೆ. ಕೋಲು ವಾಲಿದಾಗ ಒಂದು ಪಟ್ಟಿಯು ಬಾಗಿ ಇನ್ನೊಂದಕ್ಕೆ ತಗುಲಿ ವಿದ್ಯುತ್ತು ಹರಿಯುತ್ತದೆ. ಅವುಗಳ ತುದಿಯಲ್ಲಿ ಕೊಳೆ ಕೂತರೆ ಆಜ್ಞೆಯು ಯಂತ್ರಕ್ಕೆ ಮುಟ್ಟುವುದಿಲ್ಲ. ಅದನ್ನು ಶುಚಿಮಾಡುವುದೂ, ಬಾಗಿದ ಪಟ್ಟಿಯನ್ನು ನೆಟ್ಟಗೆ ಮಾಡುವುದೂ, ಮುರಿದುದಕ್ಕೆ ಬದಲು ಹಾಕುವುದೂ ಯಂತ್ರಕ್ಕೆ ಮಾಡುವ ಉಪಕಾರವೇ ಹೊರತು ಅಪಚಾರವಲ್ಲ.

ಆದರೆ ಆ ಬದಲು ಎಂಥದಾಗಿರಬೇಕೆಂಬುದರಲ್ಲಿಯೂ ವಿವೇಕವು ಬೇಕು. ಪ್ಯಾಕ್-ಮ್ಯಾನಿನ ಕೋಲು ನಾಲ್ಕು ದಿಕ್ಕುಗಳನ್ನು ಮಾತ್ರ ಬಲ್ಲುದು, ಏಕೆಂದರೆ ಅದರ ಚಕ್ರವ್ಯೂಹದಲ್ಲಿ ಓರೆದಾರಿಗಳಿಲ್ಲ. ಹೊಸದೂ ಹೆಚ್ಚು ಸಮರ್ಥವೂ ಆದುದೆಂದು ಎಂಟು ದಿಕ್ಕಿನ ಕೋಲನ್ನು ಅಲ್ಲಿಟ್ಟರೆ, ತಿರುವಿನಲ್ಲಿ ಕೈ ತುಸು ಓರೆಯಾದೊಡನೆ ಎರಡು ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿಕೊಂಡು, ಒಂದೇ ಗಳಿಗೆಯಲ್ಲಿ ಎರಡು ಆಜ್ಞೆಗಳು ಹೊರಡುತ್ತವೆ. ಆಟಗಾರನು ಬಯಸಿದ ತಿರುವು ತಪ್ಪಿಹೋಗುತ್ತದೆ. ಸ್ವಾತಂತ್ರ್ಯವು ಹೆಚ್ಚಿತು, ಆಟವು ಕೆಟ್ಟಿತು! ತಯಾರಕನಿಗೆ ನಿಜವಾದ ಗೌರವವೆಂದರೆ ಅವನು ಬಳಿದ ಬಣ್ಣವನ್ನು ನವೀಕರಿಸುವುದಕ್ಕಿಂತ ಅವನು ಹಾಕಿದ ಎಲ್ಲೆಯನ್ನು ಉಳಿಸುವುದು.

ಇನ್ನೊಂದು ಬಗೆಯ ಉದ್ಧಾರವೂ ಉಂಟು. ಹಳೆಯ ಆರ್ಕೇಡ್ ಆಟಗಳನ್ನು ಸಾಮಾನ್ಯ ಗಣಕದಲ್ಲಿ ಆಡಿಸುವ 'ಮೇಮ್' ಎಂಬ ಸಾಧನವು 1997ರಲ್ಲಿ ಹೊರಬಂದಿತು. ಅದರಿಂದ ಅಳಿದುಹೋಗಬಹುದಾಗಿದ್ದ ಎಷ್ಟೋ ಆಟಗಳು ಉಳಿದುಕೊಂಡುವೆಂಬುದು ನಿಜ. ಆದರೆ ಒಂದೇ ಪೆಟ್ಟಿಗೆಯಲ್ಲಿ ನೂರು ಆಟಗಳನ್ನು ಆಡಬೇಕೆಂಬ ಆಸೆಯಿಂದ ಹಳೆಯ ಹಲಗೆಗೆ ಹೊಸ ಗುಂಡಿಗಳಿಗಾಗಿ ರಂಧ್ರಗಳನ್ನು ಕೊರೆಯುವವರೂ ಉಂಟಾದರು. ಬಳಿದ ಬಣ್ಣವನ್ನು ತೆಗೆಯಬಹುದು, ಹಾಕಿದ ಸ್ವಿಚ್ಚನ್ನು ಬಿಚ್ಚಬಹುದು. ಕೊರೆದ ರಂಧ್ರವನ್ನು ಕೊರೆಯದಂತೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ನೂರು ಆಟಗಳಿಗೆ ಸಲ್ಲುವ ಹಲಗೆಯು ಯಾವ ಒಂದು ಆಟಕ್ಕೂ ತನ್ನದಾಗಿ ಉಳಿಯುವುದಿಲ್ಲ. ಅಂಥ ಹಲಗೆಯೇ ಬೇಕಾದವನು ಹೊಸ ಮರ, ಹೊಸ ತಗಡು ತಂದು ಬೇರೊಂದನ್ನು ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ.

ಹೀಗೆ ವಿಚಾರಮಾಡಿದರೆ ಮೂವರ ಋಣಗಳೂ ಒಂದನ್ನೊಂದು ಕೊಲ್ಲಬೇಕಾದುದಿಲ್ಲವೆಂದು ತೋರುತ್ತದೆ. ಆಟವು ನಡೆಯುವುದಕ್ಕೆ ಬೇಕಾದುದನ್ನು ಸರಿಪಡಿಸುವುದು ಮುಂದಿನವರ ಋಣ. ಅದನ್ನು ಮೊದಲಿದ್ದ ರೀತಿಯಲ್ಲಿಯೇ ಸರಿಪಡಿಸುವುದು ತಯಾರಕನ ಋಣ. ಆಟಕ್ಕೆ ಅಡ್ಡಿಯಾಗದ ಸವೆತವನ್ನು ಮುಟ್ಟದಿರುವುದು ಹಿಂದಿನವರ ಋಣ. ಹಲಗೆಯ ಹೊದಿಕೆಯು ಹರಿದು ಕೈಗೆ ಚುಚ್ಚುವಂತಿದ್ದರೆ ಹೊಸ ಹಲಗೆಯನ್ನು ಹೂಡಿ, ಹಳೆಯದನ್ನು ಪೆಟ್ಟಿಗೆಯೊಳಗೆಯೇ ಜೋಪಾನವಾಗಿಡಬಹುದು. ಸಿಗರೇಟಿನ ಕಲೆಯಂಥದರಲ್ಲಿ ಸಂಶಯವು ಬಂದರೆ, ಮುಂದಿನವನು ತಿದ್ದಲಾಗದ ಕೆಲಸವನ್ನು ಇಂದಿನವನು ಮಾಡಬಾರದೆಂಬ ಒಂದು ನಿಯಮವು ಸಾಕು. ಒಡೆತನವೆಂಬುದು ಇಂಥ ವಸ್ತುಗಳಲ್ಲಿ ನ್ಯಾಸವಲ್ಲದೆ ಬೇರಲ್ಲ. ಇಟ್ಟವರು ಕೇಳಲು ಬರುವುದಿಲ್ಲವೆಂಬ ಕಾರಣದಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ಕಾಯಬೇಕು.

ಆಡಿದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಅವರು ಗಳಿಸಿದ ಅಂಕಗಳು ವಿದ್ಯುತ್ತು ನಿಂತೊಡನೆ ಅಳಿದುಹೋದುವು. ಅಲ್ಲಿ ಅವರು ನಿಂತಿದ್ದರೆಂಬುದಕ್ಕೂ, ಸೋಲಿನ ಭಯದಲ್ಲಿ ಏನನ್ನೋ ಬಿಗಿಯಾಗಿ ಹಿಡಿದುಕೊಂಡಿದ್ದರೆಂಬುದಕ್ಕೂ ಉಳಿದಿರುವ ಸಾಕ್ಷ್ಯವು ಅಂಗೈಯಗಲದ ಆ ಬಣ್ಣಗೆಟ್ಟ ಮರವೊಂದೇ. ಕುಂಚವನ್ನು ಅದ್ದುವ ಮುನ್ನ ಉದ್ಧಾರಕನು ತನ್ನ ಎಡಗೈಯನ್ನು ಒಮ್ಮೆ ಅಲ್ಲಿಟ್ಟು ನೋಡಲಿ.