ಎಣ್ಣೆಯನ್ನು ಮೊದಲೇ ಕಟ್ಟಿಕೊಳ್ಳಿರಿ



ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಅವನಿಗೆ ಕನಿಕರವು ದಾರಿಯಲ್ಲಿ ಹುಟ್ಟಿತು. ಆದರೆ ಗಾಯಕ್ಕೆ ಹೊಯ್ದ ಎಣ್ಣೆಯೂ ದ್ರಾಕ್ಷಾರಸವೂ ದಾರಿಯಲ್ಲಿ ಹುಟ್ಟಿದವುಗಳೋ? ಅಲ್ಲ, ಅವು ಮೊದಲೇ ಅವನ ಸಂಗಡ ಇದ್ದವು. ಕನಿಕರಕ್ಕೆ ಸಿದ್ಧತೆ ಕೂಡದಿದ್ದರೆ ಗಾಯವು ಕಟ್ಟಲ್ಪಡುವದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು ದೇವರು ತನ್ನನ್ನು ಸೇವೆಗೆ ಕರೆದನೆಂದು 1837ರಲ್ಲಿ ನಿಶ್ಚಯಿಸಿಕೊಂಡಳು. ರೋಗಿಗಳ ಸೇವೆಗೆ ಮನೆಯವರು ಒಪ್ಪಲಿಲ್ಲ. ಆಕೆಯು ಸುಮ್ಮನೆ ಕೂಡದೆ ಗಣಿತವನ್ನು ಅಭ್ಯಾಸಮಾಡಿ, ಆಸ್ಪತ್ರೆಗಳ ವರದಿಗಳನ್ನು ಓದಿದಳು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪ್ರೊಟೆಸ್ಟಂಟ್ ಸೇವಕಿಯರ ಬಳಿಯಲ್ಲಿ ಸುಮಾರು ಮೂರು ತಿಂಗಳು ಕೆಲಸ ಕಲಿತಳು. ಯುದ್ಧದಲ್ಲಿ ಗಾಯಪಟ್ಟವರ ಬಳಿಗೆ ಹೋದದ್ದು 1854ರಲ್ಲಿ. ಕರೆಗೂ ಆ ಕೆಲಸಕ್ಕೂ ನಡುವೆ 17 ವರುಷ!

ನರ್ಸ್ ಆಗಬೇಕೆಂಬ ಮಕ್ಕಳೇ, ನಿಮ್ಮ ಎಣ್ಣೆ ಯಾವದು? ನಾಲ್ಕು ವರುಷದ ಬಿ.ಎಸ್ಸಿ. ನರ್ಸಿಂಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೂ ಇಂಗ್ಲಿಷೂ ಬೇಕು. ಆದಕಾರಣ ಎಸ್ಸೆಸ್ಸೆಲ್ಸಿ ಮುಗಿದಾಗಲೇ ಯೋಚಿಸಿ ವಿಷಯಗಳನ್ನು ಆರಿಸಿರಿ. ಕಲಾ ವಿಭಾಗದಲ್ಲಿ ಓದಿದವರು ಎದೆಗುಂದಬಾರದು. ಮೂರು ವರುಷದ ಜಿಎನ್‌ಎಂ ಅವರಿಗೂ ಉಂಟು, ಅದನ್ನು ಮುಗಿಸಿದವರು ಮುಂದೆ ಪದವಿಗೂ ಓದಬಹುದು. ಲೆಕ್ಕವನ್ನು ಅಲಕ್ಷ್ಯಮಾಡಬೇಡಿರಿ. ಔಷಧದ ಅಳತೆಯಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಸರಿದರೆ ರೋಗಿಯ ಮೈಗೆ ಹತ್ತರಷ್ಟು ಔಷಧ ಸೇರೀತು. ಪ್ರೀತಿಯುಳ್ಳವಳ ಕೈಯಿಂದಲೂ ಹಾಗೆ ಪ್ರಾಣಹಾನಿ ಆಗಬಹುದಲ್ಲವೇ? ರಜೆಯಲ್ಲಿ ಮನೆಯ ಮುದುಕರ ಸೇವೆಮಾಡಿರಿ. ಮಲಮೂತ್ರಕ್ಕೂ ಕೊಳೆತ ಗಾಯಕ್ಕೂ ಹೇಸದ ಮನಸ್ಸು ನಿಮಗುಂಟೋ ಎಂದು ಅಲ್ಲಿಯೇ ಪರೀಕ್ಷಿಸಿಕೊಳ್ಳಿರಿ.

ತಾಯಿತಂದೆಗಳೇ, ಈ ಸಿದ್ಧತೆಯಲ್ಲಿ ನಿಮಗೂ ಪಾಲುಂಟು. ಸೀಟು ಕೊಡಿಸುವೆನೆಂಬ ದಲಾಲಿಯ ಕೈಗೆ ಹೊಲ ಮಾರಿದ ಹಣವನ್ನು ಹಾಕಬೇಡಿರಿ. ಶಾಲೆಗೆ ಮಾನ್ಯತೆ ಇದೆಯೋ ಎಂದು ಮೊದಲು ವಿಚಾರಿಸಿರಿ. ಮಾನ್ಯತೆಯಿಲ್ಲದ ಶಾಲೆಯಲ್ಲಿ ಓದಿದವಳಿಗೆ ನರ್ಸ್ ಎಂಬ ನೋಂದಣಿ ದೊರೆಯದು. ಮಗಳು ಓದುವ ವರುಷಗಳಲ್ಲಿ ಮದುವೆಗೆ ಅವಸರಪಡಿಸಬೇಡಿರಿ. ಸಾಯಂಕಾಲ ಅವಳ ಕೈಯಿಂದ ಕೊಡವನ್ನು ತಕ್ಕೊಂಡು ಪುಸ್ತಕವನ್ನು ಕೊಡಿರಿ. ನೀರನ್ನು ಅಣ್ಣತಮ್ಮಂದಿರು ತರಲಿ.

ಗಾಯಪಟ್ಟವನು ಇಂದೂ ದಾರಿಯಲ್ಲಿ ಬಿದ್ದಿದ್ದಾನೆ. ನಾಳೆ ಅವನ ಬಳಿಗೆ ಹೋಗುವವಳು ನಿಮ್ಮ ಮನೆಯಿಂದ ಬರಿಗೈಯಲ್ಲಿ ಹೊರಡದಿರಲಿ. ಕರ್ತನು ಅವಳ ಮನಸ್ಸಿಗೆ ಕನಿಕರವನ್ನೂ ಕೈಗೆ ವಿದ್ಯೆಯನ್ನೂ ದಯಪಾಲಿಸಲಿ. ಆಮೆನ್.