ತಾನೇ ಬಂದವನು, ಕೇಳಿ ತಂದವನು

ಡಿಸೆಂಬರ್ ಬಂತೆಂದರೆ ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ಸೈರನ್ ಸದ್ದು ಶುರುವಾಗುತ್ತದೆ. 1953ರ ನಾಗಪುರ ಒಪ್ಪಂದದ ಮಾತಿನಂತೆ ಮಹಾರಾಷ್ಟ್ರದ ಶಾಸಕಾಂಗ ವರ್ಷಕ್ಕೊಮ್ಮೆ ಇಲ್ಲಿಗೆ ಬರಬೇಕು. ನಮ್ಮ ಬೆಳಗಾವಿ ಅಧಿವೇಶನದ ಹಾಗೆಯೇ, ಹೋಟೆಲ್ ರೂಮು ಸಿಗುವುದಿಲ್ಲ, ಟ್ರಾಫಿಕ್ ಕೆಡುತ್ತದೆ. ಆ ದಿನಗಳಲ್ಲಿ ಚಹಾದಂಗಡಿಯ ಮಾತೂ ದೊಡ್ಡದಾಗುತ್ತದೆ. ದಾವೂದ್‌ನನ್ನು ಎಳೆದು ತಂದು ನೇತುಹಾಕಬೇಕು ಎಂದು ಒಬ್ಬ ಅಂದರೆ, ಇನ್ನೊಬ್ಬ ಮಲ್ಯರ ಹೆಸರು ಎತ್ತಿ ನನ್ನ ಮುಖ ನೋಡುತ್ತಾನೆ. 2002ರಲ್ಲೂ 2010ರಲ್ಲೂ ಅವರನ್ನು ರಾಜ್ಯಸಭೆಗೆ ಆರಿಸಿ ಕಳಿಸಿದ್ದು ನಮ್ಮ ಶಾಸಕರೇ ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ. ನಾನೂ ಹೇಳಲು ಹೋಗುವುದಿಲ್ಲ.

ತಪ್ಪಿಸಿಕೊಂಡವನನ್ನು ಬೇರೆ ದೇಶದಿಂದ ಕೇಳಿ ತರಿಸುವುದು ಕೇಂದ್ರದ ಕೆಲಸ, ರಾಜ್ಯದ ಸಭೆಗೆ ಆ ಅಧಿಕಾರವಿಲ್ಲ. ಆದರೂ ಸಭೆಗಳು ಕೇಳುತ್ತವೆ. 2002ರ ಏಪ್ರಿಲ್‌ನಲ್ಲಿ ಪ್ರಭಾಕರನ್ ಕಿಳಿನೊಚ್ಚಿಯಲ್ಲಿ ಪತ್ರಕರ್ತರ ಮುಂದೆ ಬಂದು ಕೂತ ಕೆಲವೇ ದಿನಗಳಲ್ಲಿ, ಅವನನ್ನು ಶ್ರೀಲಂಕಾದಿಂದ ತರಿಸಿಕೊಳ್ಳಬೇಕೆಂದು ತಮಿಳುನಾಡು ವಿಧಾನಸಭೆ ನಿರ್ಣಯ ಮಾಡಿತು. ಆಗ ಜಯಲಲಿತಾ ಮುಖ್ಯಮಂತ್ರಿ. 2011ರ ಆಗಸ್ಟ್‌ನಲ್ಲಿ ಅವರೇ ಮತ್ತೆ ಮುಖ್ಯಮಂತ್ರಿ. ಅದೇ ರಾಜೀವ್ ಗಾಂಧಿ ಕೊಲೆಯಲ್ಲಿ ಗಲ್ಲುಶಿಕ್ಷೆಯಾಗಿದ್ದ ಮೂವರ ಕ್ಷಮಾದಾನದ ಅರ್ಜಿಯನ್ನು ಮರಳಿ ಪರಿಶೀಲಿಸಿ ಎಂದು ಅದೇ ಸಭೆ ಒಮ್ಮತದಿಂದ ಕೇಳಿತು. ವೋಟಿನ ಲೆಕ್ಕ ಎಂದು ನಕ್ಕುಬಿಡಬಹುದು. ನನಗೆ ಅಷ್ಟೇ ಅನ್ನಿಸುವುದಿಲ್ಲ. ದೂರದಲ್ಲಿರುವವನು ಬರೀ ಹೆಸರು. ಇಪ್ಪತ್ತು ವರ್ಷದಿಂದ ನಮ್ಮದೇ ಜೈಲಿನಲ್ಲಿ ಇರುವವನಿಗೆ ಬಾಗಿಲಲ್ಲಿ ಕಾಯುವ ಒಬ್ಬ ತಾಯಿಯೂ ಇರುತ್ತಾಳೆ.

ನಾಗಪುರದಲ್ಲಿ ಇದು ಉಲ್ಟಾ ಆಯಿತು.

ನಾನು ಆಫೀಸಿಗೆ ಮಿಹಾನ್ ಕಡೆ ಹೋಗುವ ಮೆಟ್ರೋ, ವಾರ್ಧಾ ರಸ್ತೆಯ ಮೇಲೆ ಸೆಂಟ್ರಲ್ ಜೈಲಿನ ಹತ್ತಿರ ಹಾಯುತ್ತದೆ. 2015ರ ಜುಲೈ 30ರ ಬೆಳಿಗ್ಗೆ ಯಾಕೂಬ್ ಮೆಮನ್‌ನನ್ನು ಅಲ್ಲಿ ಗಲ್ಲಿಗೇರಿಸಿದರು. ಸುಪ್ರೀಂ ಕೋರ್ಟು ಆ ನಸುಕಿನಲ್ಲೇ ಕೂತು ಕೊನೆಯ ಅರ್ಜಿಯನ್ನು ತಳ್ಳಿಹಾಕಿತ್ತು. 257 ಜನ ಸತ್ತ 1993ರ ಮುಂಬೈ ಸ್ಫೋಟಗಳ ಸಂಚಿನಲ್ಲಿ ಅವನು ಅಪರಾಧಿ. ಅಣ್ಣ ಟೈಗರ್ ಮೆಮನ್ ಇವತ್ತಿಗೂ ಸಿಕ್ಕಿಲ್ಲ. 1994ರಲ್ಲಿ ಹೊಸದಿಲ್ಲಿ ರೈಲು ನಿಲ್ದಾಣದಲ್ಲಿ ಹಿಡಿದೆವು ಎಂದು ಸಿಬಿಐ ಹೇಳಿತು. ಕಠ್ಮಂಡುವಿನಲ್ಲಿ ನಾನೇ ಶರಣಾದೆ ಎಂದು ಅವನು ಹೇಳಿದ. ಆ ಕಾಲಕ್ಕೆ 'ರಾ'ದಲ್ಲಿದ್ದ ಬಿ. ರಾಮನ್ 2007ರಲ್ಲಿ ಬರೆದು, ಅವರು ತೀರಿಕೊಂಡ ಮೇಲೆ 2015ರಲ್ಲಿ ಹೊರಬಂದ ಲೇಖನದಲ್ಲಿ, ಅವನು ತನಿಖೆಗೆ ನೆರವಾಗಿದ್ದಾನೆ, ಮನೆಯವರನ್ನು ಒಪ್ಪಿಸಿ ಕರೆಸಿದ್ದಾನೆ, ಆದ್ದರಿಂದ ಗಲ್ಲು ಬೇಡ ಎಂದಿದ್ದರು. ಅವನು ನಿರಪರಾಧಿ ಎಂದು ಅವರೂ ಹೇಳಲಿಲ್ಲ.

ಅದೇ ಸ್ಫೋಟಗಳ ಮೊಕದ್ದಮೆಯಲ್ಲಿ ಅಬು ಸಲೇಂ ಇದ್ದಾನೆ. ಅವನು ಬರಲಿಲ್ಲ, ನಾವು ತಂದೆವು. ಪೋರ್ಚುಗಲ್‌ನಲ್ಲಿ ಮರಣದಂಡನೆ ಇಲ್ಲ. ಗಲ್ಲಿಗೆ ಹಾಕುವುದಿಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲಿನಲ್ಲಿಡುವುದಿಲ್ಲ ಎಂದು 2002ರಲ್ಲಿ ನಮ್ಮ ಸರ್ಕಾರ ಭರವಸೆ ಕೊಟ್ಟ ಮೇಲೆ, 2005ರಲ್ಲಿ ಅವರು ಅವನನ್ನು ಒಪ್ಪಿಸಿದರು. 2017ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಮ್ಮ ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಧಾರವಾಡದ ಹಿರಿಯರೊಬ್ಬರಿದ್ದಾರೆ. ಇದನ್ನೆಲ್ಲ ಕೇಳಿ ಅವರು, "ಅಲ್ರೀ, ತಾನಾಗಿ ಬಂದಾವಗ ಹಗ್ಗ, ಓಡಿ ಹೋದಾವಗ ಕರಾರು. ಇದೆಂಥಾ ನ್ಯಾಯರೀ?" ಎಂದರು. ಇಬ್ಬರ ಪಾತ್ರ ಒಂದೇ ಅಲ್ಲ, ಕೋರ್ಟು ತೂಗಿದ ಸಾಕ್ಷ್ಯ ಬೇರೆ ಬೇರೆ ಎಂದೆ. "ಇರಲ್ರೀ, ಬಂದದ್ದಕ್ಕ ಏನರ ತೂಕ ಐತೋ ಇಲ್ಲೋ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕರಾರಿನ ಬಗ್ಗೆ ನನಗೆ ತಕರಾರಿಲ್ಲ. ಮಲ್ಯರ ವಿಚಾರಣೆಯಲ್ಲೂ ಲಂಡನ್ ಕೋರ್ಟಿಗೆ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೋ ಕಳಿಸಬೇಕಾಯಿತು. ಗಾಳಿ ಬೆಳಕು ಇದೆಯೇ ಎಂದು ನೋಡಿದರು. ನೋಡಲಿ. ನನ್ನನ್ನು ಕಾಡುವುದು ಇಷ್ಟೇ: ನಿಮ್ಮ ಕೈಗೆ ಕೊಟ್ಟರೆ ಇವನನ್ನು ಏನು ಮಾಡುತ್ತೀರಿ ಎಂದು ಹೊರಗಿನವರು ಕೇಳಿದಾಗ ನಮಗೆ ಉತ್ತರ ಕೊಡಲು ಬರುತ್ತದೆ. ಯಾರೂ ಕೇಳದೆ ಇದ್ದಾಗ, ಬಂದವನ ಪರವಾಗಿ ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಲು ಬರಲಿಲ್ಲ. ಶಾಸನಸಭೆಯೊಂದು ಇನ್ನೊಂದು ದೇಶಕ್ಕೆ 'ಅವನನ್ನು ಕೊಡಿ' ಎನ್ನುವ ಮೊದಲು ಈ ಪ್ರಶ್ನೆಯ ಮೇಲೆ ಅರ್ಧ ಗಂಟೆ ಮಾತಾಡಲಿ ಎಂಬುದು ನನ್ನ ಆಸೆ. ಹೊರಗಿರುವ ಇನ್ನೊಬ್ಬನೂ ಪೇಪರ್ ಓದುತ್ತಿರುತ್ತಾನೆ.

ಹಿಂದೊಮ್ಮೆ ನನ್ನ ತಂಡದಲ್ಲಿದ್ದ ಮುಂಬೈ ಹುಡುಗಿಯೊಬ್ಬಳ ಹತ್ತಿರ ಇದನ್ನೇ ಹೇಳಿದ್ದೆ. ಅವಳ ದೊಡ್ಡಪ್ಪ ವರ್ಲಿಯ ಸ್ಫೋಟದಲ್ಲಿ ಕಾಲು ಕಳೆದುಕೊಂಡವರು. ಅವಳು ಸಿಟ್ಟಾಗಲಿಲ್ಲ. ಅವನು ತಾನೇ ಬಂದನೋ, ಹಿಡಿದು ತಂದರೋ, ನಮ್ಮ ಮನೆಯಲ್ಲಿ ಯಾರೂ ಅದನ್ನು ವಿಚಾರಿಸಿಲ್ಲ ಸರ್ ಎಂದು ಹೇಳಿ ಲ್ಯಾಪ್‌ಟಾಪ್ ಕಡೆ ತಿರುಗಿದಳು. ಆಮೇಲೆ ನಾವು ಆ ವಿಷಯ ಎತ್ತಲಿಲ್ಲ.