ಪೌಲನು ಮೆಚ್ಚದ ಸಹನೆ

ವಾಕ್ಯಭಾಗ: 2 ಕೊರಿಂಥ 11:16–33

ಬೈಬಲ್ ತಂದವರು ಬೈಬಲ್ ತೆರೆಯಿರಿ, ಫೋನ್ ತಂದವರು ಫೋನ್ ತೆರೆಯಿರಿ. 2 ಕೊರಿಂಥ, 11ನೇ ಅಧ್ಯಾಯ, 19ನೇ ವಚನ.

ಓದಿದ್ರಾ? ನೀವು ಬುದ್ಧಿವಂತರು, ಆದ್ದರಿಂದ ಬುದ್ಧಿಯಿಲ್ಲದವರನ್ನು ಖುಷಿಯಾಗಿ ಸಹಿಸಿಕೊಳ್ತೀರಿ ಅಂತ ಪೌಲನು ಬರೆಯುತ್ತಾನೆ. ಮೇಲ್ನೋಟಕ್ಕೆ ಹೊಗಳಿಕೆ. ತುಂಬಾ ವರ್ಷ ನಾನೂ ಹಾಗೇ ಓದಿದೆ. ಇದೇ ವಚನದಿಂದ ಇಂಗ್ಲಿಷ್‌ನಲ್ಲಿ ಒಂದು ಮಾತು ಹುಟ್ಟಿದೆ, ಆಫೀಸಲ್ಲಿ ಕೇಳಿರ್ತೀರಿ: "ನಮ್ಮ ಮ್ಯಾನೇಜರ್ ದಡ್ಡರನ್ನ ಸಹಿಸಲ್ಲ" ಅಂತ ದೊಡ್ಡ ಗುಣದ ಹಾಗೆ ಹೇಳ್ತಾರೆ. ಒಬ್ಬರು ಈ ವಚನದಲ್ಲಿ ಸಹನೆಯ ಪಾಠ ಓದಿದರು, ಇನ್ನೊಬ್ಬರು ಸಿಟ್ಟಿಗೆ ಲೈಸೆನ್ಸ್ ಮಾಡಿಕೊಂಡರು. ಪೌಲನ ದನಿ ಮಾತ್ರ ಇಬ್ಬರಿಗೂ ಕೇಳಿಸಲಿಲ್ಲ.

ಮಧ್ಯಾಹ್ನ 12 ಗಂಟೆಗೆ ಎದ್ದು ಬಂದ ಮಗನನ್ನು ನೋಡಿ ಅಮ್ಮ "ಏನು, ಮಹಾರಾಜರಿಗೆ ಎಚ್ಚರ ಆಯ್ತಾ?" ಅಂತಾರಲ್ಲ, ಆ ದನಿ ಇದು. ಅಲ್ಲಿ ಮಹಾರಾಜ ಅಂದ್ರೆ ಏನರ್ಥ ಅಂತ ಮಗನಿಗೆ ಚೆನ್ನಾಗಿ ಗೊತ್ತು. ಕೊರಿಂಥದವರಿಗೂ ಗೊತ್ತಿತ್ತು. ಮೊದಲನೇ ಪತ್ರಿಕೆಯ 4ನೇ ಅಧ್ಯಾಯದಲ್ಲೇ ಪೌಲನು ಹೀಗೆ ಮಾತಾಡಿದ್ದ: ನೀವು ಜಾಣರು, ಬಲವುಳ್ಳವರು, ನಾವು ಹುಚ್ಚರು, ಬಲವಿಲ್ಲದವರು. ವ್ಯಂಗ್ಯ ಮಾಡುವಾಗಲೂ ಅವನು ತಂದೆಯೇ. ಮಕ್ಕಳು ಮೋಸ ಹೋಗ್ತಿರೋದನ್ನು ನೋಡಿದ ತಂದೆ.

ಏನಾಗಿತ್ತು ಅಲ್ಲಿ? ಕೊರಿಂಥ ಎರಡು ಬಂದರುಗಳ ಪಟ್ಟಣ. ವ್ಯಾಪಾರ, ದುಡ್ಡು, ಚೆನ್ನಾಗಿ ಭಾಷಣ ಮಾಡುವವರ ಮೇಲೆ ಮೋಹ. ಪೌಲನು ಅಲ್ಲಿ ಒಂದೂವರೆ ವರ್ಷ ಇದ್ದ. ಗುಡಾರ ಮಾಡುವ ಕೆಲಸ ಮಾಡಿದ, ಅವರ ಹತ್ತಿರ ಹಣ ತೆಗೆದುಕೊಳ್ಳಲಿಲ್ಲ. ಅವನು ಹೋದ ಮೇಲೆ ಬೇರೆಯವರು ಬಂದರು. ಪೌಲನ ಪತ್ರ ಮಾತ್ರ ಜೋರು, ಎದುರಿಗೆ ಬಂದರೆ ಆಳಿಲ್ಲ, ಮಾತೂ ಬರಲ್ಲ ಅಂತ ಅಲ್ಲಿ ಮಾತಾಯಿತು. ಪುಕ್ಕಟೆ ಸಾರಿದ್ದೇ ನನ್ನ ಅಪರಾಧವೋ ಅಂತ ಪೌಲನು ಕೇಳಬೇಕಾಯಿತು!

ಈಗ 20ನೇ ವಚನ ನೋಡಿ. ಸಭೆ ಏನೇನು ಸಹಿಸಿಕೊಂಡಿತು ಅಂತ ಐದು ಸಂಗತಿ ಎಣಿಸುತ್ತಾನೆ. ಗುಲಾಮರನ್ನಾಗಿ ಮಾಡಿಕೊಂಡರೂ ಸಹಿಸಿದಿರಿ. ನಿಮ್ಮದನ್ನು ನುಂಗಿದರೂ, ಬಲೆಗೆ ಹಾಕಿಕೊಂಡರೂ, ನಿಮ್ಮ ಮೇಲೆ ದೊಡ್ಡಸ್ತಿಕೆ ತೋರಿಸಿದರೂ, ಕೊನೆಗೆ ಮುಖಕ್ಕೆ ಹೊಡೆದರೂ ಸಹಿಸಿದಿರಿ. ಆಮೇಲೆ 21ನೇ ವಚನದಲ್ಲಿ, ಅಷ್ಟೆಲ್ಲಾ ಮಾಡಲು ನಮಗೆ ತಾಕತ್ತಿರಲಿಲ್ಲಪ್ಪಾ, ನಾಚಿಕೆ ಆಗುತ್ತೆ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ನಗು ಬರುತ್ತೆ, ಅಲ್ವಾ? ನನಗೆ ಈಗ ಬರಲ್ಲ. ಯಾಕೆ ಅಂತ ಹೇಳ್ತೀನಿ.

ನಾನು ಯೌವನಸ್ಥರ ಗುಂಪಿನ ಲೀಡರ್ ಆಗಿದ್ದ ದಿನಗಳು. ಒಂದು ಕೂಟಕ್ಕೆ ಹೊರಗಿನಿಂದ ಬೋಧಕರೊಬ್ಬರು ಬಂದಿದ್ದರು. ಒಬ್ಬ ಸಹೋದರಿ ತಂದೆಯ ಕಾಯಿಲೆಗೆ ಪ್ರಾರ್ಥನೆ ಕೇಳಿದಳು. ಅವರು ಮೈಕ್‌ನಲ್ಲೇ, ಎಲ್ಲರ ಮುಂದೆ, "ನಿನ್ನ ಅವಿಶ್ವಾಸದಿಂದಲೇ ನಿಮ್ಮಪ್ಪ ಏಳ್ತಿಲ್ಲ, ಬೀಜ ಬಿತ್ತು" ಅಂದರು. ಅವಳು ಕಾಲೇಜ್ ಫೀಸಿಗೆ ಇಟ್ಟಿದ್ದ ಹಣ ಹಾಕಿದಳು. ಕವರ್ ಹಿಡಿದು ನಿಂತವನು ನಾನೇ. ಜೋರಾಗಿ ಆಮೆನ್ ಅಂದವನೂ ನಾನೇ.

ಮುಂದಿನ ವಾರ ಬಂದು ಕೇಳಿದಳು, "ಅಣ್ಣಾ, ಅವರು ಹಾಗಂದಿದ್ದು ಸರಿನಾ?" ನಾನು ಹೇಳಿದೆ, "ದೇವರ ಸೇವಕರನ್ನ ಪ್ರಶ್ನೆ ಮಾಡಬಾರದು ತಂಗಿ." ಆಮೇಲೆ ಅವಳು ಸಭೆಗೆ ಬರಲಿಲ್ಲ. ವರ್ಷಗಳಾದ ಮೇಲೆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟಳು. "ಆವತ್ತು ನೀವು ಒಂದು ಮಾತು ಆಡಿದ್ರೆ ಸಾಕಿತ್ತು ಅಣ್ಣಾ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಅದನ್ನು ತಾಳ್ಮೆ ಅಂದುಕೊಂಡಿದ್ದೆ. ಪೆಟ್ಟು ಬಿದ್ದದ್ದು ಅವಳ ಮುಖಕ್ಕೆ, ಸಹಿಸಿದವನು ನಾನು. ಅಂಥ ಸಹನೆ ಬಹಳ ಸುಲಭ, ಪ್ರಿಯರೇ!

ಅಭಿಷಿಕ್ತರನ್ನು ಮುಟ್ಟಬೇಡಿ ಅನ್ನೋ ವಚನವನ್ನು ನಾವು ತಕ್ಷಣ ತೆಗೀತೀವಿ. ಕೀರ್ತನೆ 105 ಮನೆಗೆ ಹೋಗಿ ಪೂರ್ತಿ ಓದಿ. ಅಲ್ಲಿ ಅಭಿಷಿಕ್ತರು ಅಂದ್ರೆ ನೆಲೆಯಿಲ್ಲದೆ ಅಲೆಯುತ್ತಿದ್ದ ಚಿಕ್ಕ ಗುಂಪು. ಎಚ್ಚರಿಕೆ ಸಿಕ್ಕಿದ್ದು ರಾಜರಿಗೆ. ಬಲಹೀನರನ್ನು ಕಾಯುವ ವಚನವನ್ನು ನಾವು ಬಲಿಷ್ಠರಿಗೆ ಗುರಾಣಿ ಮಾಡಿದೆವು.

ಹಾಗಾದ್ರೆ ಸಹನೆ ಬೇಡವಾ ಪಾಸ್ಟರ್? ಬೇಕು. ರೋಮಾ 15:1ರಲ್ಲಿ ಇದೇ ಪೌಲನು ಬಲಹೀನರ ಭಾರ ಹೊರಲು ಹೇಳುತ್ತಾನೆ. ಪ್ರಾರ್ಥನೆಯಲ್ಲಿ ತಡವರಿಸುವವರನ್ನು, ಹೇಳಿದ್ದನ್ನೇ ಹತ್ತು ಸಲ ಕೇಳುವವರನ್ನು, ಹೌಸ್ ಗ್ರೂಪಿನಲ್ಲಿ ಸಿಟ್ಟು ಬರಿಸುವವರನ್ನು ಹೊರಬೇಕು. ಇನ್ನೊಬ್ಬರ ಬೆನ್ನ ಮೇಲೆ ಹತ್ತಿ ಕೂತವನನ್ನು ಹೊರುವುದು ಬೇರೆ. ವ್ಯತ್ಯಾಸ ಗೊತ್ತಾಗದಿದ್ದರೆ ಕೇಳಿಕೊಳ್ಳಿ: ನನ್ನ ಸಹನೆಯ ಬೆಲೆ ಯಾರು ಕಟ್ಟುತ್ತಿದ್ದಾರೆ?

ಕೊನೆಗೆ ಪೌಲನೂ ಹುಚ್ಚನ ಹಾಗೆ ಜಂಬ ಕೊಚ್ಚಿಕೊಳ್ತಾನೆ. ಏನಂತ? ಯೆಹೂದ್ಯರಿಂದ ಐದು ಸಲ 39 ಏಟು, ಮೂರು ಸಲ ಕೋಲಿನ ಪೆಟ್ಟು, ಮೂರು ಸಲ ಹಡಗು ಒಡೆದದ್ದು. ಮುಗಿಸೋದು ದಮಸ್ಕದಲ್ಲಿ. ಶತ್ರುವಿನ ಕೋಟೆ ಗೋಡೆ ಮೊದಲು ಹತ್ತಿದ ಸೈನಿಕನಿಗೆ ರೋಮಿನವರು ಕಿರೀಟ ಕೊಡ್ತಿದ್ದರು. ಪೌಲನೋ ಬುಟ್ಟಿಯಲ್ಲಿ ಕೂತು ಗೋಡೆ ಇಳಿದು ತಪ್ಪಿಸಿಕೊಂಡದ್ದನ್ನು ಹೇಳ್ತಾನೆ! ಯಾವ ಪೋಸ್ಟರ್‌ನಲ್ಲಿ ಇದನ್ನು ಹಾಕ್ತೀರಿ? ಆದರೆ ಆ ಮೈಮೇಲಿನ ಒಂದೊಂದು ಗಾಯವೂ ತಾನು ತಿಂದ ಪೆಟ್ಟು, ಸಭೆಗೆ ಹೊಡೆದದ್ದಲ್ಲ. ಶಿಲುಬೆಯ ಸೇವಕನನ್ನು ಗುರುತಿಸೋದು ಹಾಗೆ. ಹಲ್ಲೆಲೂಯಾ!

ಆದ್ದರಿಂದ ತಮ್ಮಂದಿರೇ, ತಂಗಿಯರೇ, ನನ್ನನ್ನೂ ಕೇಳಿ. ಬೋಧನೆ ವಾಕ್ಯಕ್ಕೆ ಸರಿಯಿದೆಯಾ ಕೇಳಿ, ಕಾಣಿಕೆಯ ಲೆಕ್ಕ ಕೇಳಿ. ಯಾರಾದರೂ ನಿಮ್ಮನ್ನು "ಅಣ್ಣಾ, ಇದು ಸರಿನಾ?" ಅಂತ ಕೇಳಿದರೆ, ನಾನು ಕೊಟ್ಟ ಉತ್ತರ ಕೊಡಬೇಡಿ.

ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ಕರ್ತನೇ, ಬಲಹೀನರ ವಿಷಯದಲ್ಲಿ ನಮಗೆ ತಾಳ್ಮೆ ಕೊಡು. ಅವರನ್ನು ನುಂಗುವವರ ಮುಂದೆ ಬಾಯಿ ಕೊಡು. ನಮ್ಮ ಮೌನದಿಂದ ಬಾಗಿಲ ಹೊರಗೆ ನಿಂತವರನ್ನು ನೀನೇ ಹುಡುಕು, ನಮ್ಮನ್ನೂ ಅವರ ಮನೆಗೆ ಕಳುಹಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.